ತೆಗೀರಿ ಅಂದರೆ

ಸಹಾಯ ಮಾಡುತ್ತೇನೆ ಎಂದು ತಾವಾಗಿ ಮುಂದೆ ಬರುವವರನ್ನು ಕಂಡರೆ ನನಗೆ ಈಗೀಗ ಮೈ ಉರಿಯುತ್ತದೆ. ಅದರಲ್ಲೂ ಕಂಪ್ಯೂಟರ್ ಸರಿ ಮಾಡಿಕೊಡುವವರು. ಅವರಿಗೆ ನಿಮ್ಮ ಕಷ್ಟ ಬೇಕಾಗಿಲ್ಲ, ತಮ್ಮ ಜಾಣತನ ಹರಡಿಕೊಳ್ಳಲು ಒಂದು ಚಾಪೆ ಬೇಕು. ಸಿಟ್ಟಿನಲ್ಲಿ ಬರೆಯುತ್ತಿದ್ದಾಳೆ ಎಂದು ಯಾರಾದರೂ ಹೇಳಿದರೆ, ಹೌದು, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಅಕ್ಕ ಕಾಪುವಿನಲ್ಲಿ ರವಿಕೆ ಹೊಲಿಯುವವಳು. ಮನೆಯ ಎದುರಿನ ಕೋಣೆಯೇ ಅಂಗಡಿ. ಅವಳ ಬಾಯಿ ಎಷ್ಟು ಜೋರೆಂದರೆ ಮೆಷಿನ್ ಓಡುತ್ತಿದ್ದರೂ ರಸ್ತೆಯಲ್ಲಿ ಹೋಗುವವರಿಗೆ ಅವಳ ಮಾತೇ ಕೇಳುತ್ತಿತ್ತು. ಅಂಥವಳ ಗಂಟಲಿನಲ್ಲಿ ಗಡ್ಡೆ ಬೆಳೆಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕು ಎಂದು ಮಣಿಪಾಲದ ವೈದ್ಯರು ಹೇಳಿದರು. ಬೇಕಾದ ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದೂ ಅಲ್ಲಿಯೇ ಯಾರೋ ಪುಣ್ಯಾತ್ಮರು ಸೂಚಿಸಿದರು.

ಆಗ ರಂಗಕ್ಕೆ ಇಳಿದವನು ಕಾರ್ಕಳದ ನಮ್ಮ ಅಣ್ಣ. ದೊಡ್ಡಮ್ಮನ ಮಗ. ನಿವೃತ್ತಿಯಾದ ಮೇಲೆ ಅವನಿಗೆ ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕುವ ಲಿನಕ್ಸ್ ಹಿಡಿದಿತ್ತು. ಹಿಡಿದಿತ್ತು ಎಂದೇ ಹೇಳಬೇಕು, ಯಾಕೆಂದರೆ ನೆಂಟರ ಮನೆಗೆ ಬಂದರೆ ನೀರು ಕುಡಿಯುವ ಮೊದಲು, "ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂತ ಉಂಟು?" ಎಂದು ಕೇಳುತ್ತಿದ್ದ. ವಿಂಡೋಸ್ ಎಂದರೆ ಅವನ ಮುಖ ಹಳಸಿದ ಸಾರು ಮೂಸಿದ ಹಾಗೆ ಆಗುತ್ತಿತ್ತು. ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಮೈಕ್ ತಂದು ಕೊಟ್ಟು, "ಫೋನಿನಲ್ಲಿ ಬೇಡ, ಸ್ವರ ಹಾಳಾಗ್ತದೆ, ಇದರಲ್ಲೇ ಮಾಡಿ" ಎಂದ.

ಉಡುಪಿಯ ಬನ್ನಂಜೆಯ ನನ್ನ ಮನೆಯಲ್ಲಿ ರೆಕಾರ್ಡಿಂಗ್ ನಡೆಯಿತು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಅಕ್ಕ ಮಾತಾಡಿದಳು. ನಮ್ಮದು ತುಳು ಮಾತಾಡುವ ಮನೆ. ಆದರೆ ಭಾವ, ಅಂದರೆ ಅಕ್ಕನ ಗಂಡ, ಘಟ್ಟದ ಮೇಲಿನವರು. ತುಳು ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಅವರಿದ್ದಲ್ಲಿ ಎಲ್ಲರದೂ ಕನ್ನಡವೇ. "ಬನ್ನಿ, ಕೂತ್ಕೊಳ್ಳಿ." "ತೋಳು ಎಷ್ಟು ಉದ್ದ ಬೇಕು?" "ನಾಳೆ ಸಂಜೆ ಬನ್ನಿ, ಖಂಡಿತ ಕೊಡ್ತೇನೆ." ಈ ಕೊನೆಯದನ್ನು ಹೇಳುವಾಗ ಅವಳಿಗೇ ನಗು ಬಂತು. ದರ್ಜಿಯ ಸುಳ್ಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕಲ್ಲ! ಭಾವನಿಗೆಂದು ಬೇರೆ, "ಮಾತ್ರೆ ತಗೊಂಡ್ರಾ?" "ಟಿವಿ ಸಣ್ಣ ಮಾಡಿ." ನಾನೂ ಪಕ್ಕದಲ್ಲಿ ಕೂತಿದ್ದ ಭಾವನೂ ಒಂದೊಂದನ್ನೂ ಇನ್ನೊಮ್ಮೆ, ಇನ್ನೊಮ್ಮೆ ಎಂದು ಹೇಳಿಸುತ್ತಿದ್ದೆವು. ಕೊನೆಗೆ ಅವಳಿಗೆ ರೇಗಿಹೋಗಿ ನನಗೂ ಭಾವನಿಗೂ ಸೇರಿಸಿ ಬೈದಳು. ಬೈದದ್ದೂ ಅದರೊಳಗೆ ಹೋಯಿತು.

ಆಪರೇಶನ್ ಆಯಿತು, ಅಕ್ಕ ಉಳಿದಳು, ಸ್ವರ ಹೋಯಿತು. ಅಣ್ಣ 'ಅಕ್ಕನ ಸ್ವರ' ಎಂಬ ಫೋಲ್ಡರ್ ಮಾಡಿ, ಕೀಬೋರ್ಡಿನ ಒಂದೊಂದು ಕೀಲಿಗೆ ಒಂದೊಂದು ಮಾತನ್ನು ಜೋಡಿಸಿ, ಲ್ಯಾಪ್‌ಟಾಪನ್ನು ಅಕ್ಕನ ಅಂಗಡಿಯಲ್ಲಿ ಇಟ್ಟುಕೊಟ್ಟ. ಹೇಳಬೇಕಾದ್ದನ್ನು ಹೇಳುತ್ತೇನೆ, ಅದು ಚಂದ ಇತ್ತು. ಅಂಗಡಿಗೆ ಹೆಂಗಸರು ಕಾಲಿಟ್ಟರೆ ಅಕ್ಕ ಕೀಲಿ ಒತ್ತುವಳು, "ಬನ್ನಿ, ಕೂತ್ಕೊಳ್ಳಿ" ಎಂದು ಅವಳದೇ ಸ್ವರ ಬರುವುದು. ಅವಳು ಮತ್ತೆ ಬೆನ್ನು ನೇರ ಮಾಡಿ ನಡೆಯತೊಡಗಿದ್ದಳು.

"ಇದರ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಹಾಕಿಕೊಡು ಅಣ್ಣ" ಎಂದು ನಾನು ಕೇಳಿದೆ.

"ಎಂತ ಹೆದರಿಕೆ ಮಾರಾಯ್ತಿ ನಿಂಗೆ? ಇದು ಲಿನಕ್ಸ್. ವೈರಸ್ ಇಲ್ಲ, ಹಾಳಾಗುವ ಪ್ರಶ್ನೆಯೇ ಇಲ್ಲ. ಮುಂದಿನ ಸಲ ಬಂದಾಗ ನಾನೇ ಹಾಕಿಕೊಡ್ತೇನೆ. ನೀವು ಯಾರೂ ಮುಟ್ಟಬೇಡಿ."

ಮುಂದಿನ ಸಲ ಅವನು ಬರಲಿಲ್ಲ. ಬಂದದ್ದು ಅಪ್‌ಡೇಟ್. ಒಂದು ಬೆಳಿಗ್ಗೆ ಅಕ್ಕ ಕೀಲಿ ಒತ್ತಿದರೆ ಸದ್ದಿಲ್ಲ. ಸ್ಪೀಕರಿನ ಹೆಸರು ಇರಬೇಕಾದ ಜಾಗದಲ್ಲಿ 'ಡಮ್ಮಿ' ಎಂದು ಬರೆದಿತ್ತು. ನಿಜವಾಗಿಯೂ ಹಾಗೇ ಬರೆದಿತ್ತು. ಅಕ್ಕ ಅದನ್ನು ಬೆರಳಿನಿಂದ ತೋರಿಸಿ, ಆಮೇಲೆ ತನ್ನನ್ನು ತೋರಿಸಿಕೊಂಡಳು.

ಉಡುಪಿಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿಯವ ಮುಚ್ಚಳ ಎತ್ತಿ ನೋಡಿ, "ಅಯ್ಯೋ, ಲಿನಕ್ಸಾ? ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕುವ ಮೇಡಂ, ಎಲ್ಲ ಕ್ಲೀನ್ ಆಗ್ತದೆ" ಎಂದ. ಕ್ಲೀನ್ ಅಂತೆ! ಅವನ ಕೈಯಿಂದ ಕಿತ್ತುಕೊಂಡು ಬಂದೆ. ಇಂಟರ್‌ನೆಟ್ಟಿನ ವೇದಿಕೆಯೊಂದರಲ್ಲಿ ಪ್ರಶ್ನೆ ಹಾಕಿದೆ. ಮೊದಲು ಬಂದವನು ನಾನು ಪ್ರಶ್ನೆಯನ್ನು ತಪ್ಪು ವಿಭಾಗದಲ್ಲಿ ಹಾಕಿದ್ದೇನೆ ಎಂದ. ಎರಡನೆಯವನು ನಾವು ಹಾಕಿಕೊಂಡಿರುವ ಲಿನಕ್ಸ್ ಮಕ್ಕಳ ಆಟಿಕೆ, ಬೇರೆಯದನ್ನು ಹಾಕಬೇಕು ಎಂದ. ಅದಕ್ಕೆ ಮೂರನೆಯವನು ಎರಡನೆಯವನನ್ನು ಹೀನಾಯವಾಗಿ ಬೈದ. ಇಬ್ಬರೂ ಕಚ್ಚಾಡಿದ್ದೇ ಕಚ್ಚಾಡಿದ್ದು, ನಮ್ಮ ಅಕ್ಕನ ಸ್ವರ ಯಾರಿಗೂ ನೆನಪಿಲ್ಲ. ಛೀ, ಎಂಥ ಜನ! ಲ್ಯಾಪ್‌ಟಾಪನ್ನು ಕಾಪುವಿಗೆ ವಾಪಸ್ ಕೊಟ್ಟು, ಅಣ್ಣನನ್ನೇ ಕರೆಸಿ ಎಂದು ಭಾವನಿಗೆ ಹೇಳಿದೆ.

ಅಣ್ಣ ಬರಲಿಲ್ಲ. ಕಾರ್ಕಳದಿಂದ ಕಾಪು ಏನು ದುಬಾಯಿಯಾ? "ಇದಕ್ಕೆಲ್ಲ ಬರುವುದು ಎಂತಕ್ಕೆ, ಫೋನಿನಲ್ಲೇ ಮಾಡುವ" ಎಂದನಂತೆ.

ಆ ದಿನ ಅಣ್ಣ ಮತ್ತು ಭಾವನ ನಡುವೆ ಏನು ಮಾತಾಯಿತು ಎಂಬುದನ್ನು ಆಮೇಲೆ ಇಬ್ಬರ ಬಾಯಿಂದಲೂ ಸಾಕುಸಾಕೆನಿಸುವಷ್ಟು ಕೇಳಿದ್ದೇನೆ. ಅಣ್ಣ ಮೊದಲು ಹಳೆಯ ಸೆಟ್ಟಿಂಗ್ ಇರುವ ಒಂದು ಫೋಲ್ಡರನ್ನು ಹುಡುಕಿಸಿದ. "ಅದನ್ನು ತೆಗೀರಿ ಭಾವ" ಎಂದ. ತೆಗೆಯುವುದೆಂದರೆ ಹೇಗೆ ಎಂದು ಭಾವ ಕೇಳಿದರು. "ತೆಗೆಯುವುದು ಅಂದ್ರೆ ತೆಗೆಯುವುದು ಮಾರಾಯ್ರೆ, ಡಿಲೀಟ್!" ಭಾವ ಡಿಲೀಟ್ ಮಾಡಿದರು. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದರು. ಆಮೇಲೆ ಅಣ್ಣ ಹೇಳಿದ, "ಈಗ ಅಕ್ಕನ ಸ್ವರದ ಫೋಲ್ಡರ್ ತೆಗೀರಿ."

"ಅದನ್ನೂ ತೆಗೀಬೇಕಾ?"

"ತೆಗೆಯದೆ ಸ್ವರ ಬರ್ತದಾ ಇಲ್ವಾ ಅಂತ ಹೇಗೆ ಗೊತ್ತಾಗುದು?"

ಕನ್ನಡದಲ್ಲಿ ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ಭಾವನಿಗೆ ಅರೆಗಳಿಗೆಯ ಹಿಂದೆ ಹೇಳಿಕೊಟ್ಟ ಅರ್ಥ ಒಂದೇ. ಮಾತೆಲ್ಲ ಕೀಲಿಗಳ ಒಳಗೇ ಉಂಟಲ್ಲ, ಫೋಲ್ಡರ್ ಹೋದರೇನು ಎಂದು ಅಂದುಕೊಂಡರಂತೆ ಪಾಪ.

"ತೆಗೆದಾಯ್ತಾ?"

"ತೆಗೆದಾಯ್ತು."

"ಎಂತ ಕಾಣ್ತದೆ?"

"ಏನೂ ಕಾಣ್ತಿಲ್ಲ."

"ಹಾಗಾದ್ರೆ ಡಿಸ್ಕ್ ತುಂಬಿದೆ. ಕಸದ ಬುಟ್ಟಿ ಖಾಲಿ ಮಾಡಿ."

ಅದೇ ಹೊತ್ತಿಗೆ ನಾನು ಬನ್ನಂಜೆಯಿಂದ ಬಸ್ಸಿನಲ್ಲಿ ಬಂದು ಅಂಗಡಿಯ ಮೆಟ್ಟಿಲಲ್ಲಿ ಚಪ್ಪಲಿ ಕಳಚುತ್ತಿದ್ದೆ. ಒಳಗೆ ಅಕ್ಕ ಒಬ್ಬ ಹೆಂಗಸಿನ ಎದೆಯ ಸುತ್ತ ಟೇಪು ಹಿಡಿದು ನಿಂತಿದ್ದಳು. ಅಲ್ಲಿಂದ ಅವಳಿಗೆ ಪರದೆ ಕಾಣುತ್ತಿತ್ತು. ಒಮ್ಮೆಲೇ ಟೇಪು ಬಿಟ್ಟು, ಕತ್ತರಿ ಎತ್ತಿಕೊಂಡು ಅದರ ಹಿಡಿಯಿಂದ ಮೇಜಿಗೆ ದಬದಬನೆ ಬಡಿದಳು. ಅವಳ ಬಾಯಿ ಪೂರ್ತಿ ತೆರೆದಿತ್ತು. ಭಾವ ಫೋನನ್ನು ಕಿವಿಗೆ ಒತ್ತಿಕೊಂಡು, ತಿರುಗಿಯೂ ನೋಡದೆ, ಸ್ವಲ್ಪ ತಡಿ ಎಂದು ಇನ್ನೊಂದು ಕೈ ಮೇಲೆತ್ತಿದರು. ಆಗ ಲ್ಯಾಪ್‌ಟಾಪಿನಿಂದ ಕಾಗದ ಮುದ್ದೆ ಮಾಡಿದಂಥ ಸದ್ದು ಬಂತು. ಡಿಲೀಟ್ ಮಾಡಿದ್ದೆಲ್ಲ ಬಿದ್ದಿರುವ ಕಸದ ಬುಟ್ಟಿ ಖಾಲಿಯಾದಾಗ ಬರುವ ಸದ್ದು ಅದು. ಸ್ಪೀಕರ್ ಸರಿಯಾಗಿತ್ತು.

"ಸದ್ದು ಬಂತು, ಸದ್ದು ಬಂತು!" ಎಂದು ಭಾವ ಖುಷಿಯಲ್ಲಿ ಕೂಗಿದರು.

ಅಕ್ಕ ಅವರನ್ನು ಸರಿಸಿ ಕೀಲಿ ಒತ್ತಿದಳು. ಇನ್ನೊಂದು ಒತ್ತಿದಳು. ಎಲ್ಲವನ್ನೂ ಒತ್ತಿದಳು. ಆಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಮೇಜಿನ ಮೇಲೆ ಹರಡಿದ್ದ ಯಾರದೋ ನೀಲಿ ರವಿಕೆ ತುಂಡಿನ ಮೇಲೆಯೇ ಬರೆದಳು: ಎಲ್ಲ ಹೋಯ್ತಾ? ಅಳೆಸಿಕೊಳ್ಳಲು ಬಂದ ಹೆಂಗಸು ಸೆರಗು ಸರಿಮಾಡಿಕೊಂಡು ಮೆಲ್ಲನೆ ಹೊರಗೆ ಹೋದಳು.

ಅಣ್ಣ ತಪ್ಪಾಯಿತು ಎಂದನಾ? ಇಲ್ಲ. "ನಾನು ತೆಗೀರಿ ಅಂದದ್ದು ಓಪನ್ ಮಾಡ್ಲಿಕ್ಕೆ. ಅಷ್ಟೂ ಗೊತ್ತಾಗುದಿಲ್ವಾ?" ಎಂದು ಫೋನಿನಲ್ಲೇ ಭಾವನಿಗೆ ಕನ್ನಡ ಪಾಠ ಮಾಡಿದ. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟಾದರೂ ಸುಮ್ಮನಾದನಾ? ಸರಿ ಮಾಡುತ್ತೇನೆಂದು ಹೇಳಿ, ನಾನು ಬೇಡ ಬೇಡ ಎನ್ನುತ್ತಿದ್ದರೂ ಭಾವನಿಂದ ಮತ್ತೆ ಅಪ್‌ಡೇಟ್ ಮಾಡಿಸಿದ. ಅಳಿಸಿಹೋದ ಜಾಗದ ಮೇಲೆ ಹೊಸದು ಬಂದು ಕೂತರೆ ಹಳೆಯದು ಸಿಗುವುದಿಲ್ಲ. ಆ ಮಹಾ ಪಂಡಿತನಿಗೆ ಇದು ಗೊತ್ತಿರಲಿಲ್ಲ.

ಲ್ಯಾಪ್‌ಟಾಪನ್ನು ಬನ್ನಂಜೆಗೆ ತಂದೆ. ಅದೇ ವೇದಿಕೆಯಲ್ಲಿ ಮತ್ತೆ ಕೇಳಿದೆ. "ಬ್ಯಾಕಪ್ ಎಲ್ಲಿ?" "ಬ್ಯಾಕಪ್ ಇಡದವರಿಗೆ ಹೀಗೇ ಆಗಬೇಕು." ಇಂಥವುಗಳ ನಡುವೆ ಯಾರೋ ಒಬ್ಬರು ಒಂದೇ ಸಾಲಿನಲ್ಲಿ, ಅಳಿಸಿದ ಫೈಲುಗಳನ್ನು ಹುಡುಕುವ ಒಂದು ಸಾಧನದ ಹೆಸರು ಬರೆದು ಹೋಗಿದ್ದರು. ಅವರ ಹೊಟ್ಟೆ ತಣ್ಣಗಿರಲಿ. ಅದನ್ನು ಪೆನ್‌ಡ್ರೈವಿನಿಂದ ಓಡಿಸಿದೆ. ಸಿಕ್ಕ ಫೈಲುಗಳಿಗೆ ಹೆಸರಿಲ್ಲ, ಬರೀ ಅಂಕಿಗಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದನ್ನೇ ಕೇಳಿದೆ. ಹೆಚ್ಚಿನವು ಬರೀ ಕರಕರ. ಕೆಲವುಗಳಲ್ಲಿ "ಬನ್" ಎನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. "ಖಂಡಿತ ಕೊಡ್ತೇ" ಅಲ್ಲಿಗೆ ನಿಂತಿತ್ತು. ನಾನು ಒಬ್ಬಳೇ ಕೂತು ಅತ್ತೆ. ಅಷ್ಟು ಜೋಪಾನವಾಗಿ ಮತ್ತೆ ಮತ್ತೆ ಹೇಳಿಸಿದ ಮಾತುಗಳಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಇಡಿಯಾಗಿ ಉಳಿದದ್ದು ಬೇಡವೆಂದು ಬಿಟ್ಟಿದ್ದ ಒಂದೇ ಒಂದು, ಅಕ್ಕ ರೇಗಿ ಬೈದದ್ದು.

ಅದನ್ನೇ ನಾನು ಒಂದು ಕೀಲಿಗೆ ಜೋಡಿಸಿ ಕಾಪುವಿಗೆ ಕೊಂಡುಹೋದೆ. ಪೆನ್‌ಡ್ರೈವಿನಲ್ಲೊಂದು, ನನ್ನ ಫೋನಿನಲ್ಲೊಂದು, ಭಾವನ ಫೋನಿನಲ್ಲೊಂದು ಪ್ರತಿ ಇಟ್ಟೆ. ಅಕ್ಕ ಒಮ್ಮೆ ಕೇಳಿದಳು. ಮತ್ತೆ ಹೊಲಿಗೆಗೆ ಕೂತಳು.

ಈಗ ಆ ಮನೆಯಲ್ಲಿ ಯಾರೂ ತೆಗಿ ಎನ್ನುವುದಿಲ್ಲ. ಬಾಗಿಲಿಗೂ ಓಪನ್ ಮಾಡು ಎನ್ನುತ್ತಾರೆ. ಭಾವ ಲ್ಯಾಪ್‌ಟಾಪಿನ ಹತ್ತಿರ ಸುಳಿಯುವುದೂ ಇಲ್ಲ.

ಕೊನೆಗೂ ಅಣ್ಣ ಕಾರ್ಕಳದಿಂದ ಬಂದ. ಎಲ್ಲ ಮುಗಿದ ಮೇಲೆ ಬರುವುದಕ್ಕೆ ಅವನಿಗೆ ಪುರುಸೊತ್ತು ಸಿಕ್ಕಿತ್ತು. ಅಕ್ಕ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದಳು. ಅಣ್ಣ ಕುರ್ಚಿ ಎಳೆದು ಕೂತು, ಭಾವ ತಂದ ಚಹಾ ಕುಡಿಯುತ್ತ, ಬ್ಯಾಕಪ್ ಎಷ್ಟು ಮುಖ್ಯ ಎಂದು ಶುರುಮಾಡಿದ. ನಮ್ಮ ಜನಕ್ಕೆ ಶಿಸ್ತಿಲ್ಲ ಎಂದ. ಈಗ ಕಂಪ್ಯೂಟರೇ ಯಾರ ಸ್ವರ ಬೇಕಾದರೂ ಮಾಡಿಕೊಡ್ತದೆ, ಒಳ್ಳೆಯ ಹೆಂಗಸಿನ ಸ್ವರ ಒಂದು ಹಾಕಿಕೊಡ್ತೇನೆ, ಇವಳದ್ದಕ್ಕಿಂತ ಸ್ಪಷ್ಟ ಇರ್ತದೆ ಎಂದ. ಹಾಗೆ ಹೇಳುತ್ತಲೇ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಳ್ಳಲು ಕೈ ಚಾಚಿದ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೀಲಿ ಒತ್ತಿದಳು.

"ಥೂ, ಸಾಕು ಮಾರಾಯ್ರೆ! ಸ್ವರ ಉಂಟಲ್ಲ ಇನ್ನೂ, ಇರುವಷ್ಟು ದಿನ ನನ್ನನ್ನು ಮಾತಾಡ್ಲಿಕ್ಕೆ ಬಿಡಿ!"

ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಬಂತು. ಅಣ್ಣ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.