ಹೆಸರೆತ್ತದ ಪರೀಕ್ಷೆ

ಕರತೌ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಉಪಮುಖ್ಯಸ್ಥನಾಗಿದ್ದು ನಿವೃತ್ತನಾದ ತೋಲೆಗೆನ್‌ನ ಮನೆಗೋಡೆಯ ಮೇಲೆ ಹದಿನಾಲ್ಕು ಪ್ರಶಸ್ತಿಪತ್ರಗಳಿದ್ದವು. ಹದಿನೈದನೆಯದಕ್ಕೆ ಮೊಳೆಯನ್ನೂ ಹೊಡೆದಿಟ್ಟಿದ್ದ, ಪತ್ರ ಬರುವುದೊಂದು ಬಾಕಿ. ಅದಕ್ಕೋಸ್ಕರವೇ ಸೊಸೆ ಸೇರಿದ್ದ ವೆಬ್ ಪ್ರೋಗ್ರಾಮಿಂಗ್ ತರಗತಿಗೆ ತಾನೂ ಹೋಗಿ ಸೇರಿಕೊಂಡ.

ಸೊಸೆ ಅಕ್ಬೋತಾಳ ಲೆಕ್ಕವೇ ಬೇರೆ. ಗಂಡ ದೌರೆನ್ ತರಾಜ್ ನಗರದಲ್ಲಿ ಕೆಲಸಕ್ಕಿದ್ದು, ನಾಲ್ವರ ಜೊತೆ ಹಾಸ್ಟೆಲ್ ಕೋಣೆಯಲ್ಲಿ ಮಲಗುತ್ತಿದ್ದ. ಪರೀಕ್ಷೆ ಪಾಸಾದವರಿಗೆ ಅಲ್ಲಿನ ಕಂಪನಿಯೊಂದು ಕೆಲಸ ಕೊಡುವುದಾಗಿ ಹೇಳಿತ್ತು. ಸಿಕ್ಕರೆ ಇಬ್ಬರೂ ಸೇರಿ ಬಾಡಿಗೆ ಮನೆ ಹಿಡಿಯಬಹುದು. ಸಿಗದಿದ್ದರೆ ಆರು ವರ್ಷದಿಂದ ಮಾಡುತ್ತಾ ಬಂದಂತೆ ಮಾವನ ಟೀ ಕಾಯಿಸುವ ಸಮೋವಾರಕ್ಕೆ ನೀರು ತುಂಬುತ್ತಾ ಇರಬೇಕು.

ಪರೀಕ್ಷೆಗೆ ಇಬ್ಬಿಬ್ಬರು ಜೋಡಿಯಾಗಿ ಒಂದು ವೆಬ್‌ಸೈಟ್ ಮಾಡಬೇಕು. ಆಮೇಲೆ ಒಬ್ಬೊಬ್ಬರೇ ಎದ್ದು ನಿಂತು ಅದರ ಒಂದೊಂದು ಸಾಲನ್ನೂ ಬಾಯಿಬಿಟ್ಟು ವಿವರಿಸಬೇಕು. ಮನೆಗೆ ಒಂದೇ ಲ್ಯಾಪ್‌ಟಾಪ್ ಎಂಬ ಕಾರಣಕ್ಕೆ ತರಗತಿಯವರು ಮಾವ-ಸೊಸೆಯನ್ನೇ ಜೋಡಿ ಮಾಡಿಬಿಟ್ಟರು. ಊರಿನ ಉಗಿಸ್ನಾನದ ಮನೆಯಲ್ಲಿ ಜಾಗ ಕಾಯ್ದಿರಿಸುವ ವೆಬ್‌ಸೈಟ್ ಅವರ ಪಾಲಿಗೆ ಬಂತು.

"ಮುಂದೆ ಕಾಣೋ ಬಣ್ಣ ಗಿಣ್ಣ ನೀನು ಮಾಡ್ಕೋ," ಎಂದ ತೋಲೆಗೆನ್. "ಹಿಂದೆ ಕೂತು ಯೋಚನೆ ಮಾಡೋ ಕೆಲಸ, ಸರ್ವರ್ರು, ಡೇಟಾಬೇಸು, ಅದೆಲ್ಲ ನಂಗಿರ್ಲಿ. ಇಡೀ ಊರಿಗೆ ನೀರು ಬಿಟ್ಟವನು ನಾನು."

"ವಾರಕ್ಕೆರಡು ದಿನ ಬಿಡ್ತಿದ್ರಿ, ಮಾವ," ಎಂದಳು ಅಕ್ಬೋತಾ.

ಅವತ್ತಿನಿಂದ ಯುದ್ಧ.

ಮಾವ ಮೂರು ವಾರ ಒಂದೇ ಬೆರಳಿನಲ್ಲಿ ಕುಟ್ಟಿದ. ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ ಅಕ್ಬೋತಾ ಆ ಕೋಡ್ ತೆರೆದು ನೋಡಿದರೆ, ಡೇಟಾಬೇಸಿನ ಹೆಸರು ತೋಲೆಗೆನ್. ಅದರೊಳಗಿನ ಪಟ್ಟಿಗಳು ತೋಲೆಗೆನ್ ಒಂದು, ತೋಲೆಗೆನ್ ಎರಡು. ಎಲ್ಲ ಕೆಲಸ ಮಾಡಬೇಕಾದ ಮುಖ್ಯ ಫಂಕ್ಷನ್ನೂ ತೋಲೆಗೆನ್ನೇ. ಸೊಸೆಯಾದವಳು ಮಾವನ ಹೆಸರನ್ನು ನಾಲಿಗೆಯ ಮೇಲೆ ತರುವಂತಿಲ್ಲ. ಮನೆಯ ಹಿರಿಯರಿಗೆಲ್ಲ ಬೇರೊಂದು ಹೆಸರು ಕಟ್ಟಿಕೊಂಡು ಕರೆಯಬೇಕು. ಅತ್ತೆ ಕುಲಾಷ್ ತನ್ನ ಭಾವನನ್ನು ನಲವತ್ತು ವರ್ಷದಿಂದ 'ಕಪ್ಪು ಗಡ್ಡದವರು' ಎಂದೇ ಕರೆಯುತ್ತಾಳೆ. ಈಗ ಅವನಿಗೆ ಗಡ್ಡವೂ ಇಲ್ಲ, ಇದ್ದರೂ ಕಪ್ಪಗಿರುತ್ತಿರಲಿಲ್ಲ.

"ಮಾವ, ಈ ಹೆಸರುಗಳನ್ನ ಬದಲಾಯಿಸಿ. ನಾನು ಹೇಳೋ ಹಾಗಿಲ್ಲ ಅಂತ ನಿಮಗೇ ಗೊತ್ತು."

"ಹೇಳ್ಬೇಡ. ನಾನೇನು ಹೇಳು ಅಂದ್ನಾ?"

"ಹೇಳದಿದ್ರೆ ಫೇಲಾಗ್ತೀನಿ."

"ಆಗು. ಸಮೋವಾರ ಎಲ್ಲೂ ಓಡಿಹೋಗಲ್ಲ." ಮೀಸೆ ಒರೆಸಿಕೊಂಡು ಮುಂದುವರಿಸಿದ. "ಹೇಳಿದ್ಯೋ, ಎಂಥಾ ಮನೆಯಿಂದ ಬಂದೋಳು ಅಂತ ಕರತೌಗೆಲ್ಲ ಗೊತ್ತಾಗುತ್ತೆ."

"ಅದೂ ಅಲ್ದೆ ನಿಮ್ಮ ಫಂಕ್ಷನ್ ಕೆಟ್ಟಿದೆ. ಕೇಳಿದವರಿಗೆ ಉತ್ತರವೇ ಬರಲ್ಲ."

"ನನ್ನ ಕೋಡಿಗೆ ಕೈ ಹಚ್ಚಿದ್ರೆ ನೋಡು!"

ಅವಳು ಕೈ ಹಚ್ಚಲಿಲ್ಲ. ಆ ಹತ್ತು ದಿನ ಎಣ್ಣೆಯಲ್ಲಿ ಕರಿಯುವ ಬೌರ್ಸಾಕ್‌ಗೆ ಹಿಟ್ಟು ನಾದುತ್ತಾ, ಕುರಿಮಾಂಸ ಬೇಯಿಸುತ್ತಾ, ಏನನ್ನೋ ಗೊಣಗುತ್ತಿದ್ದಳು. ಸೊಸೆ ತನಗೆ ಶಾಪ ಹಾಕುತ್ತಿದ್ದಾಳೆ ಎಂದುಕೊಂಡ ತೋಲೆಗೆನ್‌ಗೆ ಒಳ್ಳೆಯ ನಿದ್ದೆ ಬಂತು.

ಪರೀಕ್ಷೆಯ ದಿನ ಅವನು ಕೋಟಿನ ಮೇಲೆ ಪದಕಗಳನ್ನೆಲ್ಲ ಚುಚ್ಚಿಕೊಂಡು ಮೊದಲ ಸಾಲಿನಲ್ಲಿ ಕೂತ. ತರಾಜ್‌ನಿಂದ ಬಂದಿದ್ದ ಪರೀಕ್ಷಕಿ ಮೆರುಯೆರ್ತ್, ಐವತ್ತರ ಹೆಂಗಸು, ಪರದೆಯ ಮೇಲಿನ ಮುಖ್ಯ ಫಂಕ್ಷನ್ನಿಗೆ ಬೆರಳಿಟ್ಟು ಅಕ್ಬೋತಾಳನ್ನು ಕೇಳಿದಳು: "ಇದು ಯಾವುದಮ್ಮ? ಏನು ಮಾಡುತ್ತೆ?"

ತೋಲೆಗೆನ್ ಕಾಲ ಮೇಲೆ ಕಾಲು ಹಾಕಿದ.

"ಅದಕ್ಕೆ ನಮ್ಮ ಮನೆ ಹಿರಿಯರ ಹೆಸರಿಟ್ಟಿದೆ, ಮೇಡಂ. ನಾನು 'ಉತ್ತರ ಕೊಡದವರು' ಅಂತೀನಿ."

ಪರೀಕ್ಷಕಿ ಕನ್ನಡಕ ತೆಗೆದಳು. ಅವಳೂ ಒಂದು ಮನೆಯ ಸೊಸೆಯೇ. "ಯಾಕೆ ಹಾಗೆ?"

"ಯಾರು ಏನು ಕೇಳ್ಕೊಂಡು ಬಂದ್ರೂ ಒಳಗೆ ಕರ್ಕೋತಾರೆ, ಈ ಸಾಲಲ್ಲಿ. ತಮ್ಮದೇ ಹೆಸರಿನ ಪಟ್ಟಿಗೆ ಬರ್ಕೋತಾರೆ, ಈ ಸಾಲಲ್ಲಿ. ಅಷ್ಟೇ. ಗುರುವಾರ ಸ್ನಾನಕ್ಕೆ ಜಾಗ ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ವಾಪಸ್ ಕಳಿಸೋ ಸಾಲೇ ಇಲ್ಲ."

"ನಮ್ಮ ಬೀದಿ ನಲ್ಲಿಯ ಅರ್ಜಿನೂ ಎಂಟು ವರ್ಷದಿಂದ ಅಲ್ಲೇ ಕೂತಿದೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಮತ್ತೆ ವೆಬ್‌ಸೈಟ್ ನಡೀತಾ ಇದೆಯಲ್ಲ?" ಎಂದಳು ಪರೀಕ್ಷಕಿ.

"ಹಿರಿಯರನ್ನ ತಿದ್ದೋ ಹಾಗಿಲ್ಲವಲ್ಲ, ಮೇಡಂ. ಅದಕ್ಕೆ ಅವರ ಬೆನ್ನ ಹಿಂದೆ ಒಂದು ಚಿಕ್ಕ ಫಂಕ್ಷನ್ ನಿಲ್ಲಿಸಿದ್ದೀನಿ. ಮರ್ಯಾದೆಗೆ ಐದು ಸೆಕೆಂಡು ಕಾಯುತ್ತೆ. ಅವರು ಸುಮ್ಮನಿದ್ರೆ ಪಟ್ಟಿ ನೋಡಿ ತಾನೇ ಉತ್ತರ ಕೊಡುತ್ತೆ. ಅದರ ಹೆಸರು 'ಸೊಸೆ'."

ತೋಲೆಗೆನ್‌ನ ಸರದಿ ಬಂದಾಗ ಅವನು ತನ್ನ ಹೆಸರನ್ನು ಹತ್ತೊಂಬತ್ತು ಸಲ ಗಟ್ಟಿಯಾಗಿ ಹೇಳಿದ. ಉತ್ತರ ಯಾಕೆ ಹೋಗುತ್ತಿಲ್ಲ ಎಂದು ಕೇಳಿದ್ದಕ್ಕೆ, "ಪರಿಶೀಲನೆಯಲ್ಲಿದೆ," ಎಂದ. ಸಂಜೆಯ ಹೊತ್ತಿಗೆ ಫಲಿತಾಂಶ ಬಂತು. ಸೊಸೆ ಪಾಸು. ಮಾವ ಮುಂದಿನ ವರ್ಷ ಮತ್ತೆ ಕೂರಬಹುದು.

ಮನೆಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಊರವರ ಎದುರು ನನ್ನ ಮಾನ ಕಳೆದ್ಲು ನಿನ್ನ ಸೊಸೆ!"

"ಹೆಸರು ಎತ್ತಿದ್ಲಾ?" ಎಂದು ಕೇಳಿದಳು ಕುಲಾಷ್.

"ಹೆಸರೇನೋ ಎತ್ತಲಿಲ್ಲ..."

"ಮತ್ತೆ ಏನಂತ ಕರೆದ್ಲು?"

ಅವನು ಕೋಟಿನ ಪದಕಗಳನ್ನು ಬಿಚ್ಚತೊಡಗಿದ. ಅಕ್ಬೋತಾಳೇ ಅಡುಗೆಮನೆಯಿಂದ ಹೇಳಿದಳು. ಕುಲಾಷ್, "ಮದುವೆಯಾದ ವರ್ಷ ನಂಗ್ಯಾಕೆ ಇದು ಹೊಳೀಲಿಲ್ಲ?" ಎಂದಳು.

ಅಕ್ಬೋತಾ ಭಾನುವಾರದ ತರಾಜ್ ಬಸ್ಸಿಗೆ ಹೊರಟುಹೋದಳು. ತೋಲೆಗೆನ್ ಬಾಗಿಲವರೆಗೂ ಬರಲಿಲ್ಲ. ಹೋಗಿ ಬಾ ಎನ್ನಲೂ ಇಲ್ಲ. ಆಮೇಲೆ ಹಾಲಿಗೆ ಬಂದು ನೋಡಿದರೆ, ಹದಿನೈದನೆಯ ಮೊಳೆಗೆ ಸೊಸೆಯ ಎಣ್ಣೆಕಲೆಯ ಏಪ್ರನ್ ನೇತಾಡುತ್ತಿತ್ತು.

"ಇದನ್ನ ಇಲ್ಲಿ ತಗುಲಿಹಾಕಿದ್ದು ಯಾರು?" ಎಂದು ಗುಡುಗಿದ. "ಟೀ ಎಲ್ಲಿ?"

ಸಮೋವಾರದ ಪಕ್ಕ ಕೂತು ತನಗೊಂದು ಬಟ್ಟಲು ಬಗ್ಗಿಸಿಕೊಳ್ಳುತ್ತಿದ್ದ ಕುಲಾಷ್ ಉತ್ತರ ಕೊಡಲಿಲ್ಲ.