ನಾಲ್ಕು ಸೋಜಿಗ ಮತ್ತು ಒಬ್ಬ ಷಡ್ಡಕ

ಲಿಫ್ಟ್ ರಿಪೇರಿ ಮಾಡುವವರಿಗೆ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಬೇರಿಂಗ್ ಬರಬೇಕು, ಕರೆಂಟ್ ಬರಬೇಕು, ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಇತ್ಯರ್ಥವಾಗಬೇಕು. ಹದಿನಾಲ್ಕನೇ ಮಹಡಿಯ ಮೇಲಿನ ಮಷಿನ್ ರೂಮಿನಲ್ಲಿ, ಗ್ರೀಸ್ ವಾಸನೆಯ ನಡುವೆ, ಸಾಮಾನಿನ ಪೆಟ್ಟಿಗೆಯ ಮೇಲೆ ಕೂತು ಹೀಗೆ ಕಾಯುತ್ತಾ ಕಾಯುತ್ತಾ ಲಿಫ್ಟ್ ಮೇಷ್ಟ್ರು ಇಂಟರ್‌ನೆಟ್ಟಿನ ಹುಚ್ಚು ಹತ್ತಿಸಿಕೊಂಡರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗಾಬರಿಯಾಗದಿರಲಿ ಎಂದು ಬಾಗಿಲ ಸಂದಿಯಿಂದಲೇ ಏನಾದರೊಂದು ವಿಷಯ ಹೇಳುವ ಅಭ್ಯಾಸ ಅವರದು. ಅದರಿಂದ ಆ ಹೆಸರು ಬಂತು. ಒಮ್ಮೆ ಐದನೇ ಮಹಡಿಗೂ ಆರನೇ ಮಹಡಿಗೂ ನಡುವೆ ಸಿಕ್ಕಿಕೊಂಡಿದ್ದ ಹೆಂಗಸೊಬ್ಬರಿಗೆ, ಕೈಯಿಂದ ಮುಟ್ಟದೆ ಗಾಳಿಯಲ್ಲೇ ಬೆರಳಾಡಿಸಿ ನುಡಿಸುವ ವಾದ್ಯದ ಕಥೆ ಹೇಳುತ್ತಾ ಹೇಳುತ್ತಾ ಬಾಗಿಲು ತೆಗೆದಿದ್ದರು. ಆಕೆ ಹೊರಗೆ ಬಂದ ಮೇಲೂ ಮನೆಗೆ ಹೋಗದೆ, ಕಥೆ ಮುಗಿಯುವವರೆಗೂ ಕೈಚೀಲ ಹಿಡಿದುಕೊಂಡು ನಿಂತಿದ್ದರಂತೆ. ಇದನ್ನು ಮೇಷ್ಟ್ರು ಎಷ್ಟು ಸಲ ಹೇಳಿದ್ದರೆಂದರೆ, ಹೆಂಡತಿ ಮಧ್ಯದಿಂದಲೇ ಎತ್ತಿಕೊಂಡು ಮುಗಿಸಿಬಿಡುತ್ತಿದ್ದರು.

ಆರು ವರ್ಷದ ಹಿಂದೆ ಅವರು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು 'ನಾಲ್ಕು ಸೋಜಿಗ' ಎಂದು ಹೆಸರಿಟ್ಟರು. ಭಾನುವಾರ ಬೆಳಗ್ಗೆ ಏಳಕ್ಕೆ ಸರಿಯಾಗಿ, ಆ ವಾರ ಹೆಕ್ಕಿದ್ದರಲ್ಲಿ ನಾಲ್ಕನ್ನು ಆರಿಸಿ ಕಳಿಸುವುದು: ಯಂತ್ರ ತಂತ್ರದ್ದೊಂದು, ಸಂಗೀತದ್ದೊಂದು, ಆಟದ್ದೊಂದು, ಹವೆಯದ್ದೊಂದು. ಮಂಜಿನಲ್ಲೂ ಕಾಮನಬಿಲ್ಲು ಮೂಡುತ್ತದೆ, ಅದು ಹೆಚ್ಚುಕಡಿಮೆ ಬಿಳಿಯದಾಗಿರುತ್ತದೆ ಎಂಬುದು ಅಲ್ಲಿ ಬಂತು. ಸಮುದ್ರದ ದಡದ ಮೆಟ್ಟಿಲ ಕೆಳಗೆ ಕೊಳವೆಗಳನ್ನು ಹುಗಿದು ಅಲೆಗಳಿಂದಲೇ ಹಾಡಿಸುವ ಊರೊಂದಿದೆ ಎಂಬುದೂ ಬಂತು. ಕಾಫಿ ಪಾತ್ರೆ ಖಾಲಿಯಾಗಿದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ನೋಡಲು ಅದರ ಮುಂದೆ ಕ್ಯಾಮೆರಾ ಇಟ್ಟ ಸೋಮಾರಿ ಪಂಡಿತರ ಕಥೆ ಬಂದ ವಾರ ಗುಂಪಿನಲ್ಲಿ ಎಪ್ಪತ್ತು ಜನ ನಕ್ಕಿದ್ದರು. ಸೇರಿದವರು ನೂರ ಹನ್ನೆರಡು ಜನ: ಬಂಧುಗಳು, ಕಂಪನಿಯವರು, ಅವರ ಕೈಯಲ್ಲಿ ಒಮ್ಮೆಯಾದರೂ ಲಿಫ್ಟಿನಿಂದ ಬಿಡಿಸಿಕೊಂಡವರು.

"ಇವರಿಗೆ ಭಾನುವಾರ ಟೀ ಬೇಡ, ಚಪ್ಪಾಳೆ ಇದ್ರೆ ಸಾಕು," ಎನ್ನುತ್ತಿದ್ದರು ಹೆಂಡತಿ.

ಆ ಚಪ್ಪಾಳೆಯಲ್ಲಿ ಮೊದಲನೆಯದು ಯಾವಾಗಲೂ ಷಡ್ಡಕನದು. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ಮೇಷ್ಟ್ರಿಗಿಂತ ಎಂಟು ವರ್ಷ ಚಿಕ್ಕವನು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಕಾಣದವರ ವಸಡಿನ ಅಚ್ಚು ಮುಂದಿಟ್ಟುಕೊಂಡು ಮೇಣ ಕೆತ್ತುವ ಮನುಷ್ಯ, ಮಾತು ಕಡಿಮೆ. ಏಳು ಗಂಟೆ ಒಂದು ನಿಮಿಷಕ್ಕೆ "ಅಣ್ಣ, ಇದು ಬಹಳ ಚೆನ್ನಾಗಿದೆ" ಎಂದು ಅವನದು ಬಂದೇ ಬರುತ್ತಿತ್ತು. ಒಂದು ದಿನ ಅಳುಕುತ್ತಲೇ ಕೇಳಿದ:

"ಅಣ್ಣ, ನಾನೂ ಇಂಥದ್ದೊಂದು ಶುರು ಮಾಡ್ಲಾ? ನಿಮಗೆ ಬೇಜಾರಿಲ್ಲ ತಾನೆ?"

"ಮಾಡಿ, ಮಾಡಿ! ಬೇಜಾರೆಂಥದ್ದು?" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಮೂರು ವಾರಕ್ಕೆ ಉಸಿರು ಕಟ್ಟುತ್ತದೆ ಎಂದು ಒಳಗೇ ಲೆಕ್ಕ ಹಾಕಿದ್ದರು.

ಮೂರು ವಾರಕ್ಕೆ ಷಡ್ಡಕನ ಗುಂಪಿನಲ್ಲಿ ನೂರ ನಲವತ್ತು ಜನರಿದ್ದರು.

ಅವನು ಕಳಿಸುತ್ತಿದ್ದುದು ನಾಲ್ಕಲ್ಲ, ಒಂದೇ. ಅದೂ ಶನಿವಾರ ಸಂಜೆ. ಆದರೆ ಅದರ ಕೆಳಗೆ ತನ್ನದೇ ಎರಡು ಮಾತು ಬರೆಯುತ್ತಿದ್ದ. ಜೀರುಂಡೆ ಒಂದು ನಿಮಿಷಕ್ಕೆ ಎಷ್ಟು ಸಲ ಕೂಗಿತೆಂದು ಎಣಿಸಿದರೆ ಹವೆಯ ಬಿಸಿ ಎಷ್ಟೆಂದು ಅಂದಾಜು ಮಾಡಬಹುದು ಎಂಬ ವಿಷಯ ಸಿಕ್ಕಾಗ, ಲ್ಯಾಬಿನ ಹಿತ್ತಿಲ ಮೆಟ್ಟಿಲ ಮೇಲೆ ಗಡಿಯಾರ ಹಿಡಿದು ಕೂತು ತಾನೇ ಎಣಿಸಿದ್ದ. ಲೆಕ್ಕ ತಪ್ಪಿತ್ತು. 'ಮೂರು ಡಿಗ್ರಿ ಹೆಚ್ಚು ಬಂತು. ತಪ್ಪು ನನ್ನದೋ ಜೀರುಂಡೆಯದೋ ಗೊತ್ತಾಗಲಿಲ್ಲ' ಎಂದು ಬರೆದ. ಜನ ಅದಕ್ಕೆ ಮರುಳಾದರು. ಯಾರು ಯಾರೋ ತಮ್ಮ ತಮ್ಮ ಕಿಟಕಿಯ ಬಳಿ ಕೂತು ಎಣಿಸಿ ಉತ್ತರ ಕಳಿಸಿದರು.

ಮೇಷ್ಟ್ರಿಗೆ ಅದನ್ನು ಓದುವಾಗ ಮೈಯೆಲ್ಲ ಉರಿಯಿತು. ಜೀರುಂಡೆಯ ವಿಷಯ ಅವರಿಗೆ ಎರಡು ವರ್ಷದ ಹಿಂದೆಯೇ ಸಿಕ್ಕಿತ್ತು. ಇದೇನು ಮಹಾ ಎಂದು ಬಿಟ್ಟಿದ್ದರು.

ಆ ಹದಿನಾಲ್ಕು ಮಹಡಿಯ ಕಟ್ಟಡದಲ್ಲೇ ಎಂಟನೇ ಮಹಡಿಯಲ್ಲಿ ನಿವೃತ್ತ ಪೋಸ್ಟ್ ಮಾಸ್ಟರರೊಬ್ಬರಿದ್ದರು, 'ನಾಲ್ಕು ಸೋಜಿಗ'ದ ಮೊದಲ ವರ್ಷದ ಓದುಗರು. ಒಂದು ಮಧ್ಯಾಹ್ನ ಬಾಗಿಲ ಪಟ್ಟಿ ಸರಿಮಾಡುತ್ತಿದ್ದ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದರು.

"ನಿಮ್ಮ ಷಡ್ಡಕರು ಏನ್ ಬರೀತಾರೆ ಸ್ವಾಮಿ! ಪಕ್ಕದಲ್ಲೇ ಕೂತು ಮಾತಾಡಿದ ಹಾಗಿರುತ್ತೆ."

"ಹೌದೌದು," ಎಂದರು ಮೇಷ್ಟ್ರು, ಸ್ಕ್ರೂ ಡ್ರೈವರನ್ನು ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ತಿರುಗಿಸುತ್ತಾ. "ನಮ್ಮದೂ ಓದ್ತಿದ್ದೀರಿ ತಾನೆ?"

"ಓದ್ತೀನಿ, ಓದ್ತೀನಿ. ನಿಮ್ಮದರಲ್ಲಿ ವಿಷಯ ಜಾಸ್ತಿ."

ವಿಷಯ ಜಾಸ್ತಿ! ಆ ಎರಡು ಪದ ಮೇಷ್ಟ್ರ ಗಂಟಲಲ್ಲಿ ಮುಳ್ಳಿನ ಹಾಗೆ ನಾಲ್ಕು ದಿನ ಕೂತಿತ್ತು. ಹೆಂಡತಿಯ ಫೋನು ಶನಿವಾರ ಸಂಜೆ ಟಿಣ್ ಎಂದರೆ ಸಾಕು, ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿಬರುವುದನ್ನು ಅವರು ಪತ್ರಿಕೆಯ ಮರೆಯಿಂದ ನೋಡುತ್ತಿದ್ದರು. ಭಾನುವಾರದ್ದನ್ನು ಆಕೆ ತಿಂಡಿ ಆದಮೇಲೆ ಓದುತ್ತಿದ್ದರು. ಕೆಲವು ಸಲ ಸೋಮವಾರ.

ಒಂದು ವಾರ ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಗುವಂಥದ್ದು ಸಿಕ್ಕಿತು. ಕಂಪ್ಯೂಟರಿನ ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಕಾಲದಲ್ಲಿ, ಕೆಲವು ದೇಶಗಳ ರೇಡಿಯೋದವರು ಆ ಕ್ಯಾಸೆಟ್ಟಿನ ಕಿರ್ರ್ ಕೊರ್ರ್ ಸದ್ದನ್ನೇ ಪ್ರಸಾರ ಮಾಡುತ್ತಿದ್ದರಂತೆ. ಮನೆಯಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿಗೆ ಕೊಟ್ಟರೆ ಆಟ ಶುರು! ಯಂತ್ರ, ಸದ್ದು, ಆಟ, ಗಾಳಿಯಲ್ಲಿ ಬಂದದ್ದು, ನಾಲ್ಕೂ ಒಂದರಲ್ಲೇ. ಮೇಷ್ಟ್ರು ಅದನ್ನು ಭಾನುವಾರಕ್ಕೆಂದು ಎತ್ತಿಟ್ಟರು. ಶನಿವಾರ ಸಂಜೆ ಹೆಂಡತಿಯ ಫೋನು ಟಿಣ್ ಎಂದಿತು.

"ರೀ, ಇದನ್ನ ಕೇಳಿ! ರೇಡಿಯೋದಲ್ಲಿ ಆಟ ಬರ್ತಿತ್ತಂತೆ..."

ಮೇಷ್ಟ್ರು ಎದ್ದು ಹೋಗಿ ಬಾಲ್ಕನಿಯಲ್ಲಿ ಒಣಗದ ಬಟ್ಟೆಗಳನ್ನು ತೆಗೆದು ಮಡಚಿಟ್ಟರು.

ಮಾರನೇ ವಾರ ಮಧ್ಯಾಹ್ನ ಮೋಡ ಕವಿದಿತ್ತು. ಮೇಷ್ಟ್ರು ಮಷಿನ್ ರೂಮಿನಲ್ಲಿ ಹಗ್ಗದ ಸವೆತ ನೋಡುತ್ತಿದ್ದರು. ಮಳೆಗೆ ಮುಂಚಿನ ಗಾಳಿ ಜೋರಾಗಿ ಬಂತು. ಲಿಫ್ಟ್ ಓಡಾಡುವ ಹದಿನಾಲ್ಕು ಮಹಡಿಯ ಆ ಕತ್ತಲೆ ಬಾವಿ ಸಣ್ಣಗೆ ಗುನುಗತೊಡಗಿತು. ಮೊದಲು ಒಂದೇ ಸ್ವರ, ಆಮೇಲೆ ಅದರ ಮೇಲೆ ಇನ್ನೊಂದು, ಎರಡೂ ಒಂದನ್ನೊಂದು ಸವರಿಕೊಂಡು ಏರಿ ಇಳಿದವು. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಕೇಳಿದ್ದ ಸದ್ದು. ಅವರು ಫೋನ್ ತೆಗೆದು ನಾಲ್ಕು ನಿಮಿಷ ರೆಕಾರ್ಡ್ ಮಾಡಿಕೊಂಡರು. ಆ ಕ್ಷಣದಲ್ಲೇ ತಲೆಯಲ್ಲಿ ಕೆಟ್ಟದ್ದೊಂದು ಹೊಳೆಯಿತು.

ಬೇರೆ ಹೆಸರಿನಲ್ಲಿ ಇಮೇಲ್ ವಿಳಾಸ ಮಾಡಿಕೊಂಡರು. ಯಾವುದೋ ದೂರದ ದ್ವೀಪ, ಅಲ್ಲಿನ ಬೆಸ್ತರು ಬೆಟ್ಟದ ತುದಿಯಲ್ಲಿ ಟೊಳ್ಳು ಮರದ ಕಂಬಗಳನ್ನು ನೆಟ್ಟಿದ್ದಾರೆ, ಬಿರುಗಾಳಿಗೆ ಮುಂಚೆ ಅವು ಹಾಡುತ್ತವೆ, ದೋಣಿಗಳು ಹಿಂದಿರುಗುತ್ತವೆ. ಹೀಗೊಂದು ಹಸಿ ಸುಳ್ಳು ಹೆಣೆದು, ಸದ್ದಿನ ಜೊತೆಗೆ ಷಡ್ಡಕನಿಗೆ ಕಳಿಸಿದರು. ಅವನು ಹಾಕಲಿ, ಜನ ಕುಣಿಯಲಿ, ಆಮೇಲೆ ನಾನೇ ಬಯಲು ಮಾಡುತ್ತೇನೆ ಎಂಬುದು ಯೋಜನೆ.

ಷಡ್ಡಕ ಹಾಕಿದ. ಜನ ಕುಣಿದರು. ಆದರೆ ಮೇಷ್ಟ್ರಿಗೆ ಅಂದುಕೊಂಡ ಸುಖ ಸಿಗಲಿಲ್ಲ. ಇನ್ನೂರು ಜನ ಮೆಚ್ಚುತ್ತಿದ್ದುದು ಅವರ ಬಾವಿಯ ಹಾಡನ್ನು, ಅವರು ಹಿಡಿದ ಗಾಳಿಯನ್ನು. ಮೆಚ್ಚುಗೆ ಮಾತ್ರ ಷಡ್ಡಕನ ಮಡಿಲಿಗೆ. ಪೋಸ್ಟ್ ಮಾಸ್ಟರರು ಅದನ್ನು ಫೋನಿನ ರಿಂಗ್ ಮಾಡಿಕೊಂಡರು. ಹೆಂಡತಿ ಅಡುಗೆ ಮಾಡುತ್ತಾ ಅದನ್ನೇ ಹಾಕಿಕೊಂಡರು. ಆರು ವರ್ಷದಲ್ಲಿ ತನಗೆ ಸಿಕ್ಕ ಅತಿ ಒಳ್ಳೆಯ ಸೋಜಿಗವನ್ನು ಕೈಯಾರೆ ಎದುರಾಳಿಗೆ ಕೊಟ್ಟಿದ್ದಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಆ ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರಿಗೂ ಊಟ. ಅತ್ತೆಗೆ ಎಂಬತ್ತೊಂದು, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಊಟವಾದ ಮೇಲೆ ಷಡ್ಡಕ ಸಣ್ಣ ಸ್ಪೀಕರ್ ತೆಗೆದು ಮೇಜಿನ ಮೇಲಿಟ್ಟ.

"ಅತ್ತೆ, ಇದನ್ನ ನೀವು ಕೇಳ್ಬೇಕು."

ಬಾವಿ ಗುನುಗಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

"ಯಾರೋ ಪಕ್ಕದ ಕೋಣೇಲಿ ಮಗೂನ ಮಲಗಿಸ್ತಾ ಇದ್ದ ಹಾಗಿದೆ ಕಣಪ್ಪ," ಎಂದರು. "ಎಲ್ಲಿಂದ ತಂದೆ ಇದನ್ನ? ನೀನು ಪುಣ್ಯವಂತ."

ಪುಣ್ಯವಂತ ಎಂಬ ಮಾತಿಗೆ ಮೇಷ್ಟ್ರ ಕಟ್ಟೆ ಒಡೆಯಿತು.

"ದ್ವೀಪಾನೂ ಇಲ್ಲ, ಮಣ್ಣೂ ಇಲ್ಲ!" ಎಂದು ಎದ್ದು ನಿಂತರು. "ಅದು ಲಿಫ್ಟ್ ಬಾವೀಲಿ ಗಾಳಿ ಹೊಕ್ಕ ಸದ್ದು. ವಿಚಾರಿಸದೆ ಕಳಿಸಿಬಿಟ್ರಿ ನೀವು!"

"ನಿಮಗೆ ಹೇಗೆ ಗೊತ್ತು?" ಎಂದರು ಹೆಂಡತಿ.

"ನಾನೇ ಹಿಡಿದದ್ದು. ನನ್ನ ಫೋನಲ್ಲಿದೆ, ನೋಡು."

"ಹಾಗಾದ್ರೆ ಆ ದ್ವೀಪದ ಕಥೆ ಬರೆದವರು?"

ಮೇಷ್ಟ್ರು ಚಾಚಿದ್ದ ಫೋನನ್ನು ಹಿಂದಕ್ಕೆ ಜೇಬಿಗೆ ಹಾಕಿಕೊಂಡರು. ಷಡ್ಡಕನ ಕಿವಿ ಕೆಂಪಾಗಿತ್ತು. ಅವನು ಸ್ಪೀಕರ್ ಆರಿಸಿ, ಅದರ ತಂತಿಯನ್ನು ನಿಧಾನವಾಗಿ ಬೆರಳಿಗೆ ಸುತ್ತಿಕೊಂಡ.

"ಇನ್ನೂರು ಜನಕ್ಕೆ ಕಳಿಸಿದ್ದೀನಿ ಅಣ್ಣ," ಎಂದ. ತಂತಿ ಸುತ್ತಿ ಮುಗಿಸಿ, "ಸದ್ದು ಮಾತ್ರ ನಿಜಾನಾ?" ಎಂದು ಕೇಳಿದ.

"ನಿಜ."

"ಹಾಗಾದ್ರೆ ಒಂದ್ಸಲ ಅಲ್ಲೇ ಕೂರಿಸಿ ನನಗೆ ಕೇಳಿಸಿ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಮೇಷ್ಟ್ರು ಉತ್ತರ ಸಿದ್ಧ ಮಾಡಿಕೊಂಡಿದ್ದರು.

ಮನೆಗೆ ನಡೆದು ಬರುವಾಗ ಹೆಂಡತಿ ಮೂರನೇ ಬೀದಿಯಲ್ಲಿ ನಿಂತು, "ನಿಮ್ಮದು ಚೆನ್ನಾಗಿದೆ ಅಂತ ನನ್ನ ಬಾಯಲ್ಲಿ ಕೇಳ್ಬೇಕಿದ್ರೆ ನನ್ನನ್ನೇ ಕೇಳ್ಬಹುದಿತ್ತು. ಹೇಳ್ತಿದ್ದೆ. ಅಷ್ಟಕ್ಕೆ ನನ್ನ ತಂಗಿ ಗಂಡನ್ನ ಹತ್ತು ಜನರ ಮುಂದೆ ನಿಲ್ಲಿಸ್ಬೇಕಿತ್ತಾ?" ಎಂದರು.

"ನಾಲಗೆ ಜಾರಿತು."

"ಜಾರಿದ್ದು ನಾಲಗೆ ಅಲ್ಲ," ಎಂದು ಆಕೆ ಮುಂದೆ ನಡೆದರು.

ಶನಿವಾರ ಸಂಜೆ ಷಡ್ಡಕನ ಬರಹ ಬಂತು. 'ಕಳೆದ ವಾರ ನಾನು ವಿಚಾರಿಸದೆ ತಪ್ಪು ವಿಷಯ ಕಳಿಸಿದೆ. ದ್ವೀಪ ಇಲ್ಲ. ಅದು ಎತ್ತರದ ಕಟ್ಟಡದ ಲಿಫ್ಟ್ ಬಾವಿಯಲ್ಲಿ ಗಾಳಿ ಮಾಡಿದ ಸದ್ದು. ಹಿಡಿದವರು ನಮ್ಮ ಅಣ್ಣ. ನನಗೆ ಈ ಹುಚ್ಚು ಹಚ್ಚಿದವರೂ ಅವರೇ. ಅವರ ಗುಂಪಿಗೆ ಸೇರಿ.' ಸುಳ್ಳು ಹೆಣೆದವರು ಯಾರೆಂಬುದರ ಬಗ್ಗೆ ಒಂದಕ್ಷರವೂ ಬರೆದಿರಲಿಲ್ಲ. ಒಂದೇ ದಿನದಲ್ಲಿ 'ನಾಲ್ಕು ಸೋಜಿಗ'ಕ್ಕೆ ತೊಂಬತ್ತು ಜನ ಬಂದು ಸೇರಿದರು. ದ್ವೀಪಕ್ಕಿಂತ ಬಾವಿಯೇ ಜನರಿಗೆ ಹೆಚ್ಚು ಹಿಡಿಸಿತ್ತು.

ಬಯಸಿದ್ದೆಲ್ಲ ಕೈಗೆ ಬಂದಿತ್ತು, ಅದೂ ಅವನ ಕೈಯಿಂದ. ಇಷ್ಟು ದಿನ ಅವನ ಬರವಣಿಗೆಯನ್ನು ಕಂಡು ಹೊಟ್ಟೆ ಉರಿಯುತ್ತಿತ್ತು. ಈಗ ಅವನ ಗುಣವನ್ನು ಕಂಡು ಉರಿಯಿತು. ಬರವಣಿಗೆಯನ್ನಾದರೂ ಕಲಿಯಬಹುದು. ಇದನ್ನು ಎಲ್ಲಿಂದ ಕಲಿಯುವುದು? ಮೇಷ್ಟ್ರು ಬಾಲ್ಕನಿಯಲ್ಲಿ ನಿಂತು ಅವನಿಗೆ ಫೋನ್ ಮಾಡಿದರು.

"ಬುಧವಾರ ಗಾಳಿ ಇದೆ ಅಂತಾರೆ. ಬರ್ತೀರಾ?" ಎಂದರು. "ಮತ್ತೆ... ಅವತ್ತು ನಾನು ಮಾಡಿದ್ದು ತಪ್ಪು."

"ಎಷ್ಟು ಗಂಟೆಗೆ ಬರ್ಲಿ ಅಣ್ಣ?"

ಬುಧವಾರ ಇಬ್ಬರೂ ಸಾಮಾನಿನ ಪೆಟ್ಟಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತರು. ಗಾಳಿ ಬರಲಿಲ್ಲ. ಎಲೆಯೂ ಅಲ್ಲಾಡದ ಮಧ್ಯಾಹ್ನ. ಮೇಷ್ಟ್ರು ಐದು ಸಲ ತಾರಸಿಗೆ ಹೋಗಿ ಆಕಾಶ ನೋಡಿ ಬಂದರು, ತಾನೇ ತಪ್ಪಿತಸ್ಥನೆಂಬಂತೆ. ಕೊನೆಗೆ ಷಡ್ಡಕ ಕೈಯೆತ್ತಿ "ಶ್" ಎಂದ.

ಗೋಡೆಯ ಕಂಟ್ರೋಲ್ ಪೆಟ್ಟಿಗೆಯ ಕಡೆ ಕಿವಿಯಿಟ್ಟಿದ್ದ. ಕೆಳಗೆ ಯಾರೋ ಯಾವುದೋ ಮಹಡಿಯ ಗುಂಡಿ ಒತ್ತಿದಂತೆಲ್ಲ ಅದರೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚುಗಳು ಟಕ್, ಟಕಟಕ್, ಟಕ್ ಎಂದು ಬಡಿಯುತ್ತಿದ್ದವು.

"ಪ್ರತಿ ಮಹಡಿಗೂ ತಾಳ ಬೇರೆ ಅಣ್ಣ. ಕೇಳಿ. ಇದು ಒಂಬತ್ತು ಇರ್ಬೇಕು. ಆಗ್ಲೇ ಹೋದದ್ದು ಮೂರು."

ಮೇಷ್ಟ್ರು ಕೇಳಿದರು. ಹೌದು, ಬೇರೆ ಬೇರೆ. ಮೂವತ್ತು ವರ್ಷ ಅದೇ ಪೆಟ್ಟಿಗೆಯ ಪಕ್ಕದಲ್ಲಿ ಕೂತು, ಅದರ ಬಾಗಿಲು ಸಾವಿರ ಸಲ ತೆಗೆದು ಹಾಕಿ, ತನಗೆ ಇದು ಕೇಳಿಸಿರಲಿಲ್ಲ. ಹಲ್ಲು ಕೆತ್ತುವ ಮನುಷ್ಯನಿಗೆ ಒಂದೇ ಮಧ್ಯಾಹ್ನಕ್ಕೆ ಕೇಳಿಸಿತು. ಹಳೆಯ ಉರಿ ಎದೆಯ ಅದೇ ಜಾಗದಲ್ಲಿ ಎದ್ದಿತು. ಅದರ ಪಕ್ಕದಲ್ಲೇ, ಎದ್ದು ಹೋಗಿ ಹದಿನಾಲ್ಕೂ ಗುಂಡಿ ಒತ್ತಿಸಿ ಎಲ್ಲ ತಾಳ ಕೇಳಬೇಕೆಂಬ ಆಸೆಯೂ ಎದ್ದಿತು. ಇಬ್ಬರೂ ಸಂಜೆಯವರೆಗೆ ಅದನ್ನೇ ಮಾಡಿದರು: ಒಬ್ಬರು ಲಿಫ್ಟಿನಲ್ಲಿ, ಒಬ್ಬರು ಮೇಲೆ, ಫೋನಿನಲ್ಲಿ ಕೂಗಾಡುತ್ತಾ. ಪೋಸ್ಟ್ ಮಾಸ್ಟರರು ಎರಡು ಸಲ ಹೊರಗೆ ಬಂದು ಲಿಫ್ಟ್ ಕೆಟ್ಟಿದೆಯೇ ಎಂದು ವಿಚಾರಿಸಿ ಹೋದರು.

"ಇದನ್ನ ನೀವೇ ಹಾಕಿ ಅಣ್ಣ. ನಿಮ್ಮ ಪೆಟ್ಟಿಗೆ," ಎಂದ ಷಡ್ಡಕ ಹೊರಡುವಾಗ.

ಭಾನುವಾರ ಬೆಳಗ್ಗೆ ಮೇಷ್ಟ್ರು ಅದನ್ನು ಬರೆದರು. ಮೊದಲ ಸಲ ನಾಲ್ಕರ ಬದಲು ಒಂದೇ ಸೋಜಿಗ. ಷಡ್ಡಕನ ಹೆಸರು ಬರೆದರು, ಅಳಿಸಿದರು, ಮತ್ತೆ ಬರೆದರು. ಏಳಕ್ಕೆ ಹೋಗಬೇಕಿದ್ದದ್ದು ಏಳೂ ಇಪ್ಪತ್ತಕ್ಕೆ ಹೋಯಿತು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಪೂರ್ತಿ ಓದಿದರು. "ಚೆನ್ನಾಗಿದೆ," ಎಂದರು. "ಆದ್ರೆ ಕಂಡುಹಿಡಿದವರು ಅವರು ತಾನೆ? ಹೆಸರು ಕೊನೇ ಸಾಲಲ್ಲಿ ಯಾಕೆ ಹಾಕಿದ್ರಿ?"

"ಹಾಕಿದ್ದೀನಲ್ಲ," ಎಂದರು ಮೇಷ್ಟ್ರು. ಟೀ ಲೋಟ ಕೆಳಗಿಟ್ಟು, ಹಿಂದಿನ ಸಂಜೆ ಷಡ್ಡಕ ಕಳಿಸಿದ್ದಕ್ಕೆ ಎಷ್ಟು ಜನ ಉತ್ತರ ಕೊಟ್ಟಿದ್ದಾರೆಂದು ಎಣಿಸತೊಡಗಿದರು.