ಕಾಡಿನಾಚೆ ಆಡಿದ ನಮ್ಮೂರ ಪಂದ್ಯ

ಯುರೋಪಿನ ಯಾವುದೋ ಲೀಗ್ ತನ್ನ ದೇಶದ ಪಂದ್ಯವನ್ನು ಕಡಲಾಚೆ ಆಡಿಸಲು ಹೊರಟು ಅಭಿಮಾನಿಗಳಿಂದ ಉಗಿಸಿಕೊಂಡಿತೆಂದು ಫೋನಿನಲ್ಲಿ ಓದಿ ನನಗೆ ನಗು ತಡೆಯಲಾಗಲಿಲ್ಲ. ಹಂಗಳದವರಾದ ನಾವು ಆ ಕೆಲಸವನ್ನು ಆಗಲೇ ಮಾಡಿ, ಉಗಿಸಿಕೊಂಡೂ ಆಗಿತ್ತು. ಕಡಲಿನ ಬದಲು ನಮಗೆ ಕಾಡು ಅಡ್ಡವಿತ್ತು, ಅಷ್ಟೇ.

ಸುತ್ತಲಿನ ಊರುಗಳು ಸೇರಿ ನಡೆಸುವ ಪುಟ್ಟ ಫುಟ್‌ಬಾಲ್ ಲೀಗ್ ನಮ್ಮದು. ಒಂದು ಸಲ ನಮ್ಮೂರಲ್ಲಿ, ಇನ್ನೊಂದು ಸಲ ಎದುರಾಳಿಯ ಊರಲ್ಲಿ ಆಟ. ನಮ್ಮ ಮೈದಾನವೆಂದರೆ ನನ್ನ ಸೋದರತ್ತೆಯ ಬೀಳು ಹೊಲ. ಒಂದು ಗೋಲಿನಿಂದ ಇನ್ನೊಂದು ಗೋಲಿಗೆ ಒಳ್ಳೆಯ ಏರು. ಹೊಲ ಬಿಟ್ಟುಕೊಟ್ಟದ್ದಕ್ಕೆ ಅತ್ತೆ ಏನನ್ನೂ ಕೇಳಿದವಳಲ್ಲ. ಗೆರೆಯ ಪಕ್ಕ ನಿಂತು ನಮ್ಮನ್ನೂ ಎದುರಾಳಿಗಳನ್ನೂ ಭೇದವಿಲ್ಲದೆ ಬೈಯುವ ಹಕ್ಕೊಂದು ಇದ್ದರೆ ಸಾಕಿತ್ತು.

ಕಳೆದ ವರ್ಷ ಕುದೇರಿನವರ ಜೊತೆ ಹಂಗಳದಲ್ಲಿ ಆಡಬೇಕಿದ್ದ ಕೊನೆಯ ಪಂದ್ಯವನ್ನು, ನಮ್ಮ ನೇಂದ್ರ ಬಾಳೆ ಕೊಳ್ಳುವ ಕೇರಳದ ಚಿಪ್ಸ್ ವ್ಯಾಪಾರಿಯೊಬ್ಬರು ತಮ್ಮೂರಿನ ಟರ್ಫ್ ಎಂಬ ಕೃತಕ ಹುಲ್ಲಿನ ಮೈದಾನದಲ್ಲಿ ಆಡಲು ಕರೆದರು. ಹೊಸ ಜರ್ಸಿ, ಹೊಸ ಬೂಟು, ಭರ್ಜರಿ ಊಟ, ಮೇಲೆ ಮೈಕು ಬೇರೆ. ನಾವು ಕುಣಿದಾಡಿಬಿಟ್ಟೆವು. ಅತ್ತೆ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ನಮ್ಮೂರಾಟನ ಅವರೂರಲ್ಲಿ ಆಡಕೆ ನಿಮ್ಗೇನ್ಲಾ ಬಂದದೆ? ಓಗಿ, ಆಡ್ಕಳಿ. ಅಲ್ಲೇ ಚೆಂದ ಅನ್ನದಾದ್ರೆ ಈ ಹೊಲಕ್ಕೆ ಹುರ್ಳಿ ಚೆಲ್ಬುಡ್ತೀನಿ!"

ಅತ್ತೆ ಆಡಿದ್ದನ್ನು ಮಾಡುವವಳೇ. ಮೈದಾನ ಕೈತಪ್ಪಿದರೆ ನಮ್ಮ ತಂಡವೇ ಇಲ್ಲ.

"ನೀನೂ ಬಾ ಅತ್ತೆ. ನೋಡು, ಆಮ್ಯಾಕೆ ಏನ್ ಬೇಕಾದ್ರೂ ಚೆಲ್ಲು" ಎಂದೆ. ಟೆಂಪೋದ ಮುಂದಿನ ಸೀಟು ಹಿಡಿದು ಬಂದೇಬಂದಳು. ಬಂಡೀಪುರದ ಕಾಡು ದಾಟುವಾಗ ರಸ್ತೆ ಬದಿಯ ಆನೆಗೂ ನಮ್ಮ ಮೇಲೆ ದೂರು ಹೇಳಿದಳು.

ಟರ್ಫ್ ಚಾಪೆ ಹಾಸಿದಂತೆ ಸಮತಟ್ಟಾಗಿತ್ತು. ಸುತ್ತಲೂ ಚಿಪ್ಸ್, ಚಿನ್ನ, ಟೈಲ್ಸ್ ಜಾಹೀರಾತಿನ ಹಲಗೆಗಳು. ಅವುಗಳ ಹಿಂದೆ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದರು. ನಮಗೆ ಅವಳ ತುರುಬಷ್ಟೇ ಕಾಣುತ್ತಿತ್ತು.

ನಾವು ಯಾವಾಗಲೂ ಮೊದಲರ್ಧ ಏರಿನ ಕಡೆಗೆ ಆಡುವವರು. ಕಾಲಿಗೆ ಅದೇ ರೂಢಿ. ಇಲ್ಲಿಯೂ ಏರಿಗೆ ಒದ್ದಂತೆ ಬಲವಾಗಿ ಒದ್ದೆವು. ಚೆಂಡು ಗೋಲು ದಾಟಿತು, ಬಲೆ ದಾಟಿತು, ಕಾರು ನಿಲ್ಲಿಸುವ ಜಾಗಕ್ಕೆ ಬಿತ್ತು. ಇನ್ನೊಂದು ಚೆಂಡು ಹಲಸಿನ ಮರದಲ್ಲಿ ಕೂತಿತು. ಪ್ರತಿ ಸಲವೂ ಮೈಕಿನವನು ಚಿಪ್ಸ್ ಹೆಸರು ಕೂಗಿ ಚಪ್ಪಾಳೆ ಹೊಡೆಸಿದ. ಅಷ್ಟರಲ್ಲಿ ಕುದೇರಿನವರು ಒಂದು ಗೋಲು ಹೊಡೆದರು.

ದ್ವಿತೀಯಾರ್ಧಕ್ಕೆ ಅತ್ತೆ ಟೈಲ್ಸ್ ಹಲಗೆಯನ್ನು ಪಕ್ಕಕ್ಕೆ ಸರಿಸಿ ಗೆರೆಗೆ ಬಂದೇಬಿಟ್ಟಳು.

"ಲೇ, ಇಲ್ಲಿ ಏರಿಲ್ಲ ಕಣ್ರಲಾ! ಯಾವ ಬೆಟ್ಟಕ್ಕೆ ಅತ್ತುಸ್ತಾ ಇದೀರಿ? ಮೆತ್ಗೆ ಒದೀರ್ಲಾ!"

ನಾವು ನಕ್ಕೆವು, ಕುದೇರಿನವರು ನಕ್ಕರು, ರೆಫರಿಗೆ ಸೀಟಿ ಊದಲಾಗಲಿಲ್ಲ. ಕನ್ನಡ ಬಾರದ ಮಲಯಾಳಿ ಮಕ್ಕಳು "ಮೆತ್ಗೆ! ಮೆತ್ಗೆ!" ಎಂದು ಕುಣಿಯತೊಡಗಿದವು. ಆಮೇಲೆ ಮೈದಾನಕ್ಕೆ ಮೈದಾನವೇ ಅದನ್ನೇ ಕೂಗಿತು. ಮೆತ್ತಗೇ ಒದ್ದು ಒಂದು ಗೋಲು ಹೊಡೆದೆವು. ಎರಡನೆಯದು ನನ್ನದು. ಕಾಲಿನಿಂದ ಒದೆಯಲು ಹೋದೆ, ಚೆಂಡು ಮಂಡಿಗೆ ಬಡಿದು ಒಳಹೋಯಿತು. ಗೆದ್ದೆವು! ಖುಷಿಗೆ ತಲೆ ತಿರುಗಿ ಅಲ್ಲೇ ಮಲಗಿಬಿಟ್ಟೆ.

ಆಟ ಮುಗಿದ ಮೇಲೆ ವ್ಯಾಪಾರಿ ಕೈಮುಗಿದುಕೊಂಡು ಬಂದರು. ಮುಂದಿನ ವರ್ಷ ನಮ್ಮೂರಲ್ಲಿ ಆಡಬೇಕಾದ ಪಂದ್ಯಗಳೆಲ್ಲ ಇಲ್ಲೇ ಆಗಲಿ, ಅಮ್ಮನಿಗೆ ಸೋಫಾ ಹಾಕಿಸುತ್ತೇನೆ, ಬೈಯಲು ಮೈಕನ್ನೂ ಕೊಡುತ್ತೇನೆ ಎಂದರು. ನಮ್ಮ ನಾಯಕ ನನ್ನ ಮುಖ ನೋಡಿದ. ನಿಜ ಹೇಳುತ್ತೇನೆ, ನನಗೂ ಆಸೆಯಾಗಿತ್ತು. ಆ ಹುಲ್ಲು ಕಾಲಿಗೆ ಅಷ್ಟು ಹಿತವಾಗಿತ್ತು.

ಅತ್ತೆ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು.

"ಅಷ್ಟೊಂದ್ ಜನ ನಿಂಗೆ ಚಪ್ಪಾಳೆ ಒಡುದ್ರು ಕಣ್ಲಾ ಮಗ. ನೀನ್ಯಾರ ಮಗ ಅಂತ ಅದ್ರಲ್ಲಿ ಒಬ್ರಿಗಾದ್ರೂ ಗೊತ್ತಿತ್ತಾ?"

ನಾಯಕ ಬಾಯಿ ತೆರೆಯುವ ಮೊದಲೇ, ಮುಂದಿನ ವರ್ಷ ನೀವೇ ನಮ್ಮೂರಿಗೆ ಬನ್ನಿ ಎಂದು ವ್ಯಾಪಾರಿಗೆ ಹೇಳಿಬಿಟ್ಟೆ.